ಗಲ್ಲಾ ಬೇರೆ, ಮನೆ ಬೇರೆ

ದಿನಸಿ ಅಂಗಡಿ ಇಟ್ಟವರನ್ನು ತೊಗರಿಬೇಳೆಯ ಇವತ್ತಿನ ದರ ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಎದುರಿನ ಅಂಗಡಿಯವರು ಅದನ್ನೇ ಎಷ್ಟಕ್ಕೆ ಕೊಡುತ್ತಿದ್ದಾರೆ ಎಂಬುದೂ ಗೊತ್ತಿರುತ್ತದೆ. ‘ತಿಂಗಳಿಗೆ ನಿಮಗೆ ಎಷ್ಟು ಉಳಿಯುತ್ತದೆ?’ ಎಂದು ಕೇಳಿದರೆ ಮಾತ್ರ ‘ಹೆಂಗೋ ನಡೀತಿದೆ ಬಿಡಿ’ ಎಂಬ ಉತ್ತರ ಬರುತ್ತದೆ. ಗುಟ್ಟು ಬಿಟ್ಟುಕೊಡದ ಜಾಣತನ ಇದು ಎಂದುಕೊಳ್ಳಬೇಡಿ. ಬಹಳ ಮಂದಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಬೆಳಿಗ್ಗೆ ಮಗಳ ಸ್ಕೂಲ್ ವ್ಯಾನಿನವನಿಗೆ ದುಡ್ಡು ಗಲ್ಲಾದಿಂದ, ಹನ್ನೊಂದಕ್ಕೆ ಏಜೆನ್ಸಿಯ ಹುಡುಗ ಬಂದರೆ ಅದೇ ಗಲ್ಲಾದಿಂದ, ಸಂಜೆ ಅಮ್ಮನ ಬಿಪಿ ಮಾತ್ರೆಗೂ ಅಲ್ಲಿಂದಲೇ. ರಾತ್ರಿ ಶಟರ್ ಎಳೆಯುವಾಗ ಉಳಿದ ನೋಟುಗಳಲ್ಲಿ ಲಾಭ ಎಷ್ಟು, ನಾಳೆ ಸಕ್ಕರೆ ಮೂಟೆಗೆ ಕೊಡಬೇಕಾದದ್ದು ಎಷ್ಟು ಎಂದು ಯಾರು ಹೇಳಬೇಕು?

ಇಂಥ ಅಂಗಡಿಗಳಲ್ಲಿ ಹೆಚ್ಚಿನವು ಒಬ್ಬರದೇ ಮಾಲೀಕತ್ವದವು. ಕಾನೂನಿನ ಪ್ರಕಾರ ಅಲ್ಲಿ ಅಂಗಡಿ ಬೇರೆ, ಯಜಮಾನ ಬೇರೆ ಎಂಬ ಭೇದವೇ ಇಲ್ಲ. ಅಂಗಡಿ ಮಾಡಿದ ಸಾಲಕ್ಕೆ ನಿಮ್ಮ ಹೆಸರಿನ ಮನೆ, ಸೈಟು, ಬೈಕು ಎಲ್ಲವೂ ಹೊಣೆ. ಕಂಪನಿ ಕಟ್ಟಿದವರಿಗೆ ಈ ನಡುಗೋಡೆಯನ್ನು ಕಾನೂನೇ ಕಟ್ಟಿಕೊಡುತ್ತದೆ. ಅಂಗಡಿಯವರು ತಾವೇ ಕಟ್ಟಿಕೊಳ್ಳಬೇಕು.

ಒಂದು ಲೆಕ್ಕ ಹಾಕೋಣ

ತಾಲ್ಲೂಕು ಕೇಂದ್ರದ ಬಡಾವಣೆಯೊಂದರಲ್ಲಿ ದಿನಕ್ಕೆ 12,000 ರೂಪಾಯಿ ವ್ಯಾಪಾರದ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಬ್ರಾಂಡಿನ ಸೋಪು, ಬಿಸ್ಕತ್ತಿನಲ್ಲಿ ಉಳಿಯುವುದು ಕಡಿಮೆ, ಬಿಡಿ ಬೇಳೆಕಾಳು, ಮಸಾಲೆ ಸಾಮಾನಿನಲ್ಲಿ ಸ್ವಲ್ಪ ಜಾಸ್ತಿ. ಸರಾಸರಿ ನೂರಕ್ಕೆ ಹತ್ತು ಎಂದುಕೊಂಡರೆ ದಿನಕ್ಕೆ 1,200, ತಿಂಗಳಿಗೆ 36,000. ಇದರಲ್ಲಿ ಬಾಡಿಗೆ 8,000, ಫ್ರಿಜ್ ಸೇರಿ ಕರೆಂಟು 2,500, ಕೆಲಸದ ಹುಡುಗನಿಗೆ 9,000, ಆಟೋ ಬಾಡಿಗೆ, ಕವರು, ಇಲಿ ತಿಂದದ್ದು, ಡೇಟು ಮುಗಿದದ್ದು ಎಲ್ಲ ಸೇರಿ 2,500. ಕಳೆದರೆ ಉಳಿಯುವುದು 14,000.

ಆದರೆ ಆ ತಿಂಗಳು ಗಲ್ಲಾದಲ್ಲಿ ಓಡಾಡಿದ್ದು 3,60,000. ಕೈಯಲ್ಲಿ ಆಡಿದ ದುಡ್ಡು ಮನಸ್ಸಿಗೆ ಬೇರೆಯೇ ಧೈರ್ಯ ಕೊಡುತ್ತದೆ. ಮನೆ ಖರ್ಚು 22,000 ಆದರೂ ಗಲ್ಲಾ ಎಂದೂ ಬರಿದಾಗುವುದಿಲ್ಲ. ಹಾಗಾದರೆ ಕೊರತೆಯ 8,000 ಬಂದದ್ದು ಎಲ್ಲಿಂದ? ಬಂಡವಾಳದಿಂದ. ಅದು ಒಂದೇ ದಿನಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮೊದಲು ಎಣ್ಣೆ ಐದು ಬಾಕ್ಸ್ ತರುತ್ತಿದ್ದವರು ಎರಡು ತರುತ್ತಾರೆ. ಕಪಾಟಿನ ಮುಂದಿನ ಸಾಲು ತುಂಬಿರುತ್ತದೆ, ಹಿಂದಿನ ಸಾಲು ಖಾಲಿ. ಏಜೆನ್ಸಿಯವರಿಗೆ ‘ಮುಂದಿನ ವಾರ ಬಾ’ ಎನ್ನುವುದು ಶುರುವಾಗುತ್ತದೆ. ವರ್ಷಕ್ಕೆ 96,000 ಹೀಗೆ ಕರಗಿಹೋಗುತ್ತದೆ. ಆಮೇಲೆ ‘ಆನ್‌ಲೈನ್‌ನವರು ಬಂದು ವ್ಯಾಪಾರ ಹಾಳಾಯ್ತು’ ಎಂಬ ಮಾತು. ಅದೂ ಒಂದು ಕಾರಣ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಈ ಅಂಗಡಿಯನ್ನು ತಿಂದದ್ದು ಮನೆ.

ನೂರಕ್ಕೆ ಹತ್ತು ಎಂದು ನಾನು ಊಹಿಸಿದ್ದನ್ನು ನೀವು ಊಹಿಸಬೇಡಿ. ಒಂದು ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು, ಇರುವ ಸಾಮಾನನ್ನೆಲ್ಲ ಕೊಂಡ ಬೆಲೆಯಲ್ಲಿ ಪಟ್ಟಿ ಮಾಡಿ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿ. ಮೊದಲ ಪಟ್ಟಿಯ ಮೊತ್ತಕ್ಕೆ ನಡುವೆ ಖರೀದಿಸಿದ್ದನ್ನು ಸೇರಿಸಿ, ಎರಡನೇ ಪಟ್ಟಿಯ ಮೊತ್ತ ಕಳೆಯಿರಿ. ಸಿಗುವುದು ಮಾರಿದ ಮಾಲಿನ ಅಸಲು. ಉದ್ರಿಯೂ ಸೇರಿ ಆದ ಒಟ್ಟು ವ್ಯಾಪಾರದಿಂದ ಅದನ್ನು ಕಳೆದರೆ ನಿಮ್ಮ ನಿಜವಾದ ಮಾರ್ಜಿನ್ ಸಿಗುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕ ಇಡುವ ಪದ್ಧತಿ ಇನ್ನೂ ಅನೇಕ ಅಂಗಡಿಗಳಲ್ಲಿದೆ. ಪುಸ್ತಕಕ್ಕೆ ಕುಂಕುಮ ಹಚ್ಚುವ ಮೊದಲು ಹಳೆಯ ಮಾಲಿನ ಲೆಕ್ಕ ತೆಗೆದರೆ ಆ ಪೂಜೆಗೂ ಒಂದು ಅರ್ಥ ಬರುತ್ತದೆ.

ಯಜಮಾನನಿಗೂ ಸಂಬಳ

ನಿಜವಾದ ಲಾಭ ತಿಳಿದ ಮೇಲೆ ಮಾಡಬೇಕಾದ ಕೆಲಸ ಒಂದೇ: ನಿಮಗೆ ನೀವೇ ಸಂಬಳ ಗೊತ್ತುಮಾಡಿಕೊಳ್ಳಿ. ಅಂಗಡಿಯ ಹೆಸರಿನಲ್ಲಿ ಕರೆಂಟ್ ಅಕೌಂಟ್, ಮನೆಗೆ ಉಳಿತಾಯ ಖಾತೆ. ಅಂಗಡಿಯ ಕ್ಯೂಆರ್ ಕೋಡ್ ಮೊದಲನೆಯದಕ್ಕೆ ಮಾತ್ರ ಜೋಡಣೆಯಾಗಿರಲಿ. ಪ್ರತಿ ತಿಂಗಳ ಒಂದನೇ ತಾರೀಕು ಅಲ್ಲಿಂದ ಇಲ್ಲಿಗೆ ಗೊತ್ತಾದ ಮೊತ್ತ ಹೋಗಬೇಕು. ನಡುವೆ ಸ್ಕೂಲ್ ವ್ಯಾನು, ಮಾತ್ರೆ, ಮದುವೆ ಮುಯ್ಯಿ ಏನೇ ಬಂದರೂ ಮನೆಯ ಖಾತೆಯಿಂದಲೇ. 14,000 ಉಳಿಯುವ ಅಂಗಡಿಯಿಂದ 12,000 ತೆಗೆಯಿರಿ, ಎರಡು ಸಾವಿರ ಅಲ್ಲೇ ಬೆಳೆಯಲಿ.

‘12,000ದಲ್ಲಿ ಸಂಸಾರ ಹೇಗೆ ಸ್ವಾಮಿ?’ ಎಂದು ಕೇಳುತ್ತೀರಿ. ಅದೇ ಕೇಳಬೇಕಾದ ಪ್ರಶ್ನೆ. ಗಲ್ಲಾ ಮತ್ತು ಮನೆ ಬೆರೆತಿರುವವರೆಗೆ ಅದು ಏಳುವುದೇ ಇಲ್ಲ. ಎದ್ದ ಮೇಲೆ ಗಂಡ ಹೆಂಡತಿ ಕೂತು ಮಾತಾಡಬಹುದು: ಹುಡುಗನ ಬದಲು ನಾವಿಬ್ಬರೇ ನೋಡಿಕೊಂಡರೆ ಹೇಗೆ, ಅರ್ಧ ಅಂಗಡಿಯಲ್ಲಿ ರೊಟ್ಟಿ, ಚಟ್ನಿಪುಡಿ ಇಟ್ಟರೆ ಹೇಗೆ, ಈ ಬಾಡಿಗೆ ಈ ರಸ್ತೆಗೆ ಹೆಚ್ಚಾಯಿತೇ ಎಂದು. ಕೆಲವೊಮ್ಮೆ ಬರುವ ಉತ್ತರ ಅಂಗಡಿ ಮುಚ್ಚುವುದೇ ಲೇಸು ಎಂಬುದು. ಬಂಡವಾಳ ಕೈಯಲ್ಲಿರುವಾಗ ಮುಚ್ಚುವುದಕ್ಕೂ, ಸಾಲ ತಲೆಗೆ ಬಂದ ಮೇಲೆ ಮುಚ್ಚುವುದಕ್ಕೂ ಬಹಳ ಅಂತರವಿದೆ.

ಅಂಗಡಿಯಿಂದ ಮನೆಗೆ ಒಯ್ಯುವ ಅಕ್ಕಿ, ಎಣ್ಣೆ, ಮಕ್ಕಳು ಡಬ್ಬಕ್ಕೆ ಕೈ ಹಾಕಿ ತೆಗೆಯುವ ಚಾಕೊಲೇಟು ಕೂಡ ಲೆಕ್ಕಕ್ಕೆ ಬರಬೇಕು. ಕೊಂಡ ಬೆಲೆಯಲ್ಲಿ ಬರೆದಿಟ್ಟು ಸಂಬಳದಲ್ಲಿ ಹಿಡಿದುಕೊಳ್ಳಿ. ಮಕ್ಕಳ ಚಾಕೊಲೇಟಿಗೂ ಲೆಕ್ಕವೇ ಎಂದು ಮೂಗು ಮುರಿಯಬೇಡಿ. ಕೊಡಬೇಡಿ ಎಂದು ಹೇಳುತ್ತಿಲ್ಲ, ಬರೆಯಿರಿ ಎನ್ನುತ್ತಿದ್ದೇನೆ.

ಇನ್ನು ಮನೆಯಾಕೆ. ಮಧ್ಯಾಹ್ನ ನೀವು ಊಟಕ್ಕೆ, ಹೋಲ್‌ಸೇಲ್ ಅಂಗಡಿಗೆ, ಬ್ಯಾಂಕಿಗೆ ಹೋದಾಗ ಗಲ್ಲಾದಲ್ಲಿ ಕೂರುವವರು ಅವರು. ಆ ಕೆಲಸಕ್ಕೆ ಜನ ಇಟ್ಟರೆ ಎಷ್ಟಾಗುತ್ತದೆ ಎಂದು ಹುಡುಗನ ಸಂಬಳ ನೋಡಿದರೆ ತಿಳಿಯುತ್ತದೆ. ಅವರ ಹೆಸರಿನ ಖಾತೆಗೆ ತಿಂಗಳಿಗೆ ಒಂದಿಷ್ಟು ಹೋಗಲಿ. ಗೃಹಲಕ್ಷ್ಮಿಯಲ್ಲಿ ಸರ್ಕಾರ ಕೊಡುವ 2,000ದಷ್ಟನ್ನಾದರೂ ಗಂಡ ಕೊಡಬೇಡವೇ?

ದೊಡ್ಡ ಖರ್ಚುಗಳಿಗೆ, ಅಂದರೆ ಜೂನ್ ತಿಂಗಳ ಶಾಲೆ ಫೀಸು, ಬಾಡಿಗೆ ಅಡ್ವಾನ್ಸು, ಫ್ರಿಜ್ ರಿಪೇರಿಗೆ, ನಮ್ಮ ಕಡೆ ಹಳೆಯ ಉಪಾಯವೊಂದಿದೆ: ಪಿಗ್ಮಿ. ದಿನದ ದುಡಿಮೆಯವರು ಬ್ಯಾಂಕಿಗೆ ಬರಲಾರರು, ಬ್ಯಾಂಕೇ ಅವರ ಬಾಗಿಲಿಗೆ ಹೋಗಲಿ ಎಂದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರುಮಾಡಿತು. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಊರೂರಿನ ಸಹಕಾರ ಸಂಘಗಳಲ್ಲಿ ಬದುಕಿದೆ. ಬಡ್ಡಿಯ ಆಸೆಗೆ ಕಟ್ಟುವಂಥದ್ದಲ್ಲ, ದುಡ್ಡು ಕೈ ತಪ್ಪಿ ಖರ್ಚಾಗದಿರಲಿ ಎಂದು ಕಟ್ಟುವಂಥದ್ದು. ಕಟ್ಟುವಾಗ ಒಂದು ವಿಷಯ ತಿಳಿದಿರಲಿ. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಸಂಘದ ಅಧ್ಯಕ್ಷರು ಬಂಧುಗಳೇ ಆಗಿದ್ದರೂ ಪೂರ್ತಿ ಉಳಿತಾಯವನ್ನು ಅಲ್ಲೇ ಇಡಬೇಡಿ.

‘ಅಣ್ಣಾ, ಬರ್ಕೋ’

ಉದ್ರಿ ಕೊಡಬೇಡಿ ಎಂದು ಪೇಟೆಯಲ್ಲಿ ಕೂತು ಉಪದೇಶ ಮಾಡುವುದು ಸುಲಭ. ಉದ್ರಿ ಇಲ್ಲದೆ ಬಡಾವಣೆಯ ಅಂಗಡಿ ನಡೆಯುವುದಿಲ್ಲ. ಸೂಪರ್ ಮಾರ್ಕೆಟ್ಟಿಗೂ ಮೊಬೈಲ್ ಆ್ಯಪಿಗೂ ಸಾಧ್ಯವಿಲ್ಲದ ಸೌಕರ್ಯ ಇದೊಂದೇ. ಗಾರೆ ಕೆಲಸದವನಿಗೆ ಶನಿವಾರ ಬಟವಾಡೆ, ನೌಕರನಿಗೆ ತಿಂಗಳ ಕೊನೆಗೆ, ರೈತನಿಗೆ ಸುಗ್ಗಿಯಲ್ಲಿ. ಈ ಕಾಲಗತಿ ಗೊತ್ತಿರುವುದೇ ನಿಮ್ಮ ಬಂಡವಾಳ.

ನನ್ನ ಅಭಿಪ್ರಾಯದಲ್ಲಿ ಹೊರಗಿರುವ ಒಟ್ಟು ಉದ್ರಿ ಒಂದು ವಾರದ ವ್ಯಾಪಾರವನ್ನು ದಾಟಬಾರದು. ಮೇಲಿನ ಅಂಗಡಿಗೆ ಅದು 84,000. ಅದರೊಳಗೆ ಮನೆಮನೆಗೆ ಮಿತಿ ಗೊತ್ತುಮಾಡಿ, ಪುಸ್ತಕದಲ್ಲಿ ಅವರ ಪುಟದ ತಲೆಯ ಮೇಲೆ ಬರೆದಿಡಿ. ಗಲ್ಲಾದಲ್ಲಿ ಹೆಂಡತಿ ಇರಲಿ, ಮಗ ಇರಲಿ, ಅವರಿಗೂ ಮಿತಿ ಕಾಣಬೇಕು. ಇಲ್ಲದಿದ್ದರೆ ನೀವು ಇಲ್ಲದ ಹೊತ್ತು ನೋಡಿ ಬರುವ ಗಿರಾಕಿಗಳು ಪ್ರತಿ ಬೀದಿಯಲ್ಲೂ ಇದ್ದಾರೆ.

ತಿಂಗಳಿಗೊಮ್ಮೆ ಬಾಕಿ ಹೇಳಿ, ಪುಟದ ಕೆಳಗೆ ಅವರ ಸಹಿ ಹಾಕಿಸಿಕೊಳ್ಳಿ. ಮಾರಿದ ಸಾಮಾನಿನ ಬಾಕಿಗೆ ಕೋರ್ಟಿಗೆ ಹೋಗಲು ಕಾಲಮಿತಿ ಕಾಯ್ದೆಯಲ್ಲಿ ಇರುವುದು ಮೂರು ವರ್ಷ. ಆ ಅವಧಿಯೊಳಗೆ ಬಾಕಿ ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಮತ್ತೆ ಮೂರು ವರ್ಷ. ನಾಲ್ಕು ಸಾವಿರಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ನಿಜ. ಆದರೆ ಸಹಿ ಬಿದ್ದ ಪುಟದ ಮುಂದೆ ‘ನಾನು ಇಷ್ಟು ತಗೊಂಡೇ ಇಲ್ಲ’ ಎಂಬ ಜಗಳ ಏಳುವುದಿಲ್ಲ.

ಕಷ್ಟ ಇರುವುದು ನೆಂಟರ ಉದ್ರಿಯಲ್ಲಿ. ಭಾವನವರ ಬಾಕಿಯನ್ನು ಕೇಳಲಾಗದು, ಕೇಳದೆ ಇರಲಾಗದು. ಇದಕ್ಕೆ ಒಂದು ದಾರಿ: ನೆಂಟರ ಬಾಕಿಯನ್ನು ಅಂಗಡಿಯ ಪುಸ್ತಕದಲ್ಲಿ ಬರೆಯಲೇಬೇಡಿ. ಅದು ಮನೆಯ ಖರ್ಚು. ಕೊಟ್ಟ ಸಾಮಾನಿನ ದುಡ್ಡನ್ನು ಮನೆಯ ಖಾತೆಯಿಂದ ಆವತ್ತೇ ಗಲ್ಲಾಕ್ಕೆ ಹಾಕಿ. ಭಾವ ಕೊಟ್ಟರೆ ಮನೆಗೆ ಬಂತು, ಕೊಡದಿದ್ದರೆ ಮನೆಯಿಂದ ಹೋಯಿತು. ಎಷ್ಟರವರೆಗೆ ಎಂಬುದನ್ನು ನಿಮ್ಮಾಕೆಯ ಜೊತೆ ಮಾತಾಡಿ ಗೊತ್ತುಮಾಡಿ, ಮುಖ್ಯವಾಗಿ ಭಾವ ಅವರ ಕಡೆಯವರಾಗಿದ್ದರೆ.

40 ಲಕ್ಷದ ಗೆರೆ

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡುಗಳು ಎದ್ದವು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲು ಮಾರುವವರಿಗೆ ಆತಂಕ ಬೇಡ ಎಂದು ಸರ್ಕಾರ ಹೇಳಿದ ಮೇಲೆ ಗದ್ದಲ ತಣಿಯಿತು. ನೋಟಿಸಿನ ಸರಿತಪ್ಪು ಏನೇ ಇರಲಿ, ಅಂಗಡಿಯ ವ್ಯಾಪಾರ, ಚೀಟಿ ಹಣ, ತಮ್ಮ ವಾಪಸು ಕೊಟ್ಟ ಕೈಸಾಲ ಎಲ್ಲವೂ ಒಂದೇ ಖಾತೆಗೆ ಬಿದ್ದಿದ್ದರೆ, ಯಾವುದು ವ್ಯಾಪಾರ ಯಾವುದಲ್ಲ ಎಂದು ಬಿಡಿಸಿ ತೋರಿಸುವುದೇ ಒಂದು ಶಿಕ್ಷೆ.

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ ಇದು 20 ಲಕ್ಷ. ವಹಿವಾಟು ಎಂದರೆ ಲಾಭವಲ್ಲ, ಒಟ್ಟು ಮಾರಾಟ. ತೆರಿಗೆ ಇರುವ ಮಾಲಿನ ಜೊತೆ ತೆರಿಗೆ ಇಲ್ಲದ್ದನ್ನೂ ಮಾರುತ್ತಿದ್ದರೆ ಎರಡೂ ಲೆಕ್ಕಕ್ಕೆ ಸೇರುತ್ತವೆ. ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ. ನಮ್ಮ ಉದಾಹರಣೆಯ ಅಂಗಡಿ ವರ್ಷದಲ್ಲಿ 360 ದಿನ ತೆರೆದರೆ 43.2 ಲಕ್ಷ. ತಿಂಗಳಿಗೆ 14,000 ಉಳಿಯುವ ಮನುಷ್ಯ ಹೀಗೆ ತೆರಿಗೆಯ ಗೆರೆ ದಾಟಿರುತ್ತಾನೆ, ಅವನಿಗೆ ಅದು ಗೊತ್ತೇ ಇರುವುದಿಲ್ಲ. ದಿನಕ್ಕೆ ಸುಮಾರು 11,000 ಮಾರಾಟ ಆಗುತ್ತಿದ್ದರೆ ಇವತ್ತೇ ಎಚ್ಚರಗೊಳ್ಳಿ.

ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ ಕಾಂಪೊಸಿಷನ್ ಎಂಬ ಸರಳ ದಾರಿ ಇದೆ. ತೆರಿಗೆ ಇರುವ ಮಾಲಿನ ಮಾರಾಟದ ಮೇಲೆ ಶೇಕಡ 1 ಕಟ್ಟಿದರೆ ಆಯಿತು. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್. ಆದರೆ ಗಿರಾಕಿಯಿಂದ ತೆರಿಗೆ ಎಂದು ಪ್ರತ್ಯೇಕ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಹಿಡಿದುಕೊಳ್ಳುವಂತಿಲ್ಲ. ಅಂದರೆ ಆ ಒಂದು ನಿಮ್ಮ ಹತ್ತರ ಮಾರ್ಜಿನ್ನಿನಿಂದಲೇ ಹೋಗಬೇಕು. ಜೊತೆಗೆ ಯಾರೂ ಮೊದಲೇ ಹೇಳದ ಇನ್ನೊಂದು ಖರ್ಚಿದೆ: ಗಂಡ ಅಥವಾ ಹೆಂಡತಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಆ ಮನೆಗೆ ಗೃಹಲಕ್ಷ್ಮಿ ಇಲ್ಲ. ವರ್ಷಕ್ಕೆ 24,000 ಅಲ್ಲಿಗೆ ಹೋಯಿತು. ಇದಕ್ಕೆ ಹೆದರಿ ನೋಂದಣಿ ಮುಂದೂಡುವುದು ಮೂರ್ಖತನ. ಹಿಂದಿನ ಬಾಕಿ, ಬಡ್ಡಿ, ದಂಡ ಒಟ್ಟಿಗೆ ಬಂದರೆ ಅದರ ಎಷ್ಟೋ ಪಟ್ಟಾಗುತ್ತದೆ. ಆದರೆ ಮನೆಯ ಲೆಕ್ಕದಲ್ಲಿ ಆ ಕೊರತೆಯನ್ನು ಮೊದಲೇ ಹಿಡಿದಿಡಿ.

ಆದಾಯ ತೆರಿಗೆಯ ಭಯ ಮಾತ್ರ ಬಹುಪಾಲು ಅನಗತ್ಯ. ಸಣ್ಣ ವ್ಯಾಪಾರಿಗಳು ಮಾರಾಟದ ಶೇಕಡ 8ನ್ನು, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇಕಡ 6ನ್ನು, ಲಾಭವೆಂದು ತೋರಿಸಿ ರಿಟರ್ನ್ ಹಾಕಬಹುದು. ನಮ್ಮ ಅಂಗಡಿಗೆ ಪೂರ್ತಿ ನಗದು ಎಂದರೂ ಅದು 3,45,600. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಶುರುವಾಗುವುದಿಲ್ಲ. ಆದರೂ ರಿಟರ್ನ್ ಹಾಕಿ. ಮುಂದೆ ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ. ದೇವರು ಕಾಪಾಡಲಿ, ರಸ್ತೆ ಅಪಘಾತವಾದರೆ ಪರಿಹಾರ ನಿಗದಿ ಮಾಡುವ ನ್ಯಾಯಮಂಡಳಿಯೂ ಆದಾಯಕ್ಕೆ ದಾಖಲೆ ಕೇಳುತ್ತದೆ. ದಾಖಲೆ ಇಲ್ಲದವರ ಆದಾಯವನ್ನು ಅಂದಾಜಿನಲ್ಲಿ ಹಿಡಿಯುತ್ತಾರೆ.

ಬಂಡವಾಳ ಬೇಕಾದರೆ ವಾರದ ಬಡ್ಡಿ, ಮೀಟರ್ ಬಡ್ಡಿಯ ಮುಂಚೆ ಬ್ಯಾಂಕಿನಲ್ಲಿ ಮುದ್ರಾ ಕೇಳಿ. ಶಿಶು 50,000ವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಅಡಮಾನ ಕೇಳುವಂತಿಲ್ಲ. ಮ್ಯಾನೇಜರ್ ಓಡಾಡಿಸಬಹುದು, ಆದರೆ ಕರೆಂಟ್ ಅಕೌಂಟಿನಲ್ಲಿ ಒಂದು ವರ್ಷದ ಸ್ವಚ್ಛ ವಹಿವಾಟು ತೋರಿಸಿದರೆ ಅವರಿಗೂ ಇಲ್ಲವೆನ್ನುವುದು ಕಷ್ಟ.

ಸಾಲಗಾರರ ಕೈಗೆ ಸಿಗದ ದುಡ್ಡು

ವ್ಯಾಪಾರ ಮುಳುಗಿದರೂ ಮಕ್ಕಳ ಪಾಲಿಗೆ ಏನಾದರೂ ಉಳಿಯಬೇಕಲ್ಲ? ಎರಡು ದಾರಿಗಳಿವೆ, ಎರಡನ್ನೂ ಏಜೆಂಟರು ತಾವಾಗಿ ಹೇಳುವುದು ಅಪರೂಪ. ಒಂದು ಪಿಪಿಎಫ್. ವರ್ಷಕ್ಕೆ 500ರಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು, ಅವಧಿ 15 ವರ್ಷ. ಖಾತೆದಾರನ ಸಾಲಕ್ಕಾಗಿ ಕೋರ್ಟು ಆ ಹಣವನ್ನು ಜಪ್ತಿ ಮಾಡುವಂತಿಲ್ಲ. ಇನ್ನೊಂದು, 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಜೀವವಿಮೆ. ಪಾಲಿಸಿ ಮಾಡಿಸುವಾಗಲೇ ಆ ಕಾಯ್ದೆಯ ಫಾರಂ ತುಂಬಿ ಹೆಂಡತಿ ಮಕ್ಕಳ ಹೆಸರು ಬರೆದರೆ, ಬರುವ ಹಣ ಅವರದೇ. ಅಂಗಡಿಯ ಸಾಲಗಾರರು ಅದರ ಮೇಲೆ ಹಕ್ಕು ಹೇಳಲಾರರು. ಆಮೇಲೆ ಸೇರಿಸಲು ಬರುವುದಿಲ್ಲ, ಬದಲಿಸಲೂ ಬರುವುದಿಲ್ಲ.

ಇವೆರಡಕ್ಕೂ ಕೈ ಸಾಲದಿದ್ದರೆ ಬ್ಯಾಂಕಿನಲ್ಲೇ ಸಿಗುವ ಜೀವನ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಅಪಘಾತಕ್ಕೆ ಸುರಕ್ಷಾ ಬಿಮಾ 20 ರೂಪಾಯಿ. ಎರಡರಲ್ಲೂ 2 ಲಕ್ಷದ ರಕ್ಷಣೆ. ಅಂಗಡಿಯ ಮಾಲಿಗೂ ಬೆಂಕಿ, ನೆರೆಯ ವಿಮೆ ಮಾಡಿಸಿ. ಕಂತು ಉಳಿಸಲು 6 ಲಕ್ಷದ ಮಾಲನ್ನು 3 ಲಕ್ಷವೆಂದು ಬರೆಸಿದರೆ, ಒಂದು ಲಕ್ಷ ಹಾಳಾದಾಗ ಸಿಗುವುದೂ ಹೆಚ್ಚುಕಡಿಮೆ ಅರ್ಧವೇ.

ರಾತ್ರಿ ಒಂಬತ್ತರ ಮೇಲೆ

ಬೆಳಿಗ್ಗೆ ಆರಕ್ಕೆ ತೆರೆದು ರಾತ್ರಿ ಹತ್ತೂವರೆಗೆ ಮುಚ್ಚುವವರ ಮಕ್ಕಳು ಅಪ್ಪನನ್ನು ಎಚ್ಚರದಲ್ಲಿ ನೋಡುವುದು ಅಂಗಡಿಯಲ್ಲೇ. ಕೆಲಸದವರಿಗೆ ವಾರದ ರಜೆ ಕೊಡಬೇಕೆಂದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಯಜಮಾನ ತನಗೆ ತಾನೇ ರಜೆ ಕೊಟ್ಟುಕೊಳ್ಳುವುದಿಲ್ಲ. ‘ಒಂದು ದಿನ ಮುಚ್ಚಿದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ’ ಎಂಬ ಭಯ.

ಭಯವನ್ನು ಅಳೆದು ನೋಡಬಹುದು. ಮೊಬೈಲಿನ ಯುಪಿಐ ಪಟ್ಟಿಯಲ್ಲಿ ಪ್ರತಿ ಪಾವತಿಯೂ ಗಂಟೆ, ನಿಮಿಷದ ಸಮೇತ ಇರುತ್ತದೆ. ಎರಡು ವಾರದ್ದನ್ನು ತೆಗೆದು, ಒಂಬತ್ತರ ಮೇಲೆ ಎಷ್ಟು ಬಂದಿದೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಷ್ಟು ಬಂದಿದೆ ಎಂದು ಕೂಡಿಸಿ. ಒಂಬತ್ತರ ಮೇಲಿನ ವ್ಯಾಪಾರ 600 ರೂಪಾಯಿ ಎಂದಾದರೆ ಅದರಲ್ಲಿ ಉಳಿಯುವುದು 60. ಒಂದೂವರೆ ಗಂಟೆ ದೀಪ ಉರಿಸಿ, ಮಕ್ಕಳ ಜೊತೆಯ ಊಟ ಬಿಟ್ಟು ಗಳಿಸಿದ್ದು ಅಷ್ಟೇ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕುವುದನ್ನೂ ಇದೇ ಲೆಕ್ಕದಲ್ಲಿ ನೋಡಿ. ಹಬ್ಬದ ಹಿಂದಿನ ದಿನಗಳ ಮಾತು ಬೇರೆ, ಆಗ ಹನ್ನೊಂದಾದರೂ ತೆರೆದಿಡಿ.

ಒಂದು ನೋಟ್‌ಬುಕ್ಕು

ಯಜಮಾನ ಇದ್ದಕ್ಕಿದ್ದಂತೆ ಆಸ್ಪತ್ರೆ ಸೇರಿದರೆ ಅಂಗಡಿ ಮರುದಿನ ನಡೆಯುವುದೇ? ಕ್ಯೂಆರ್ ಕೋಡಿಗೆ ಬೀಳುವ ದುಡ್ಡು ಅವರ ಖಾತೆಗೆ ಹೋಗುತ್ತದೆ, ಖಾತೆ ಅವರ ಸಹಿಗೆ ಮಾತ್ರ ತೆರೆಯುತ್ತದೆ. ಕರೆಂಟ್ ಅಕೌಂಟ್ ನಡೆಸಲು ಹೆಂಡತಿಗೆ ಅಧಿಕಾರ ಕೊಡುವ ಪತ್ರವನ್ನು ಈಗಲೇ ಬ್ಯಾಂಕಿಗೆ ಕೊಟ್ಟಿಡಿ. ಇದು ನೀವು ಬದುಕಿರುವವರೆಗೆ ಮಾತ್ರ ನಡೆಯುತ್ತದೆ, ಆದ್ದರಿಂದ ನಾಮಿನಿಯನ್ನೂ ಬರೆಸಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾಮಿನಿ ಎಂದರೆ ಹಣ ಪಡೆಯುವವರು, ವಾರಸುದಾರರೇ ಎಂದಲ್ಲ. ತಮ್ಮಂದಿರ ಜೊತೆ ಪಾಲಿನ ಮಾತು ಬಾಕಿ ಇದ್ದರೆ ವಿಲ್ ಬರೆದಿಡುವುದು ಒಳ್ಳೆಯದು.

ಉಳಿದದ್ದನ್ನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಏಜೆನ್ಸಿಗೆ ಎಷ್ಟು ಬಾಕಿ, ಯಾರಿಗೆ ಖಾಲಿ ಚೆಕ್ಕು ಕೊಟ್ಟಿದ್ದೀರಿ, ಚೀಟಿ ಯಾರ ಬಳಿ, ಎಷ್ಟು ಕಂತು ಉಳಿದಿದೆ, ಕೈಸಾಲ ಯಾರಿಂದ ತಂದದ್ದು, ವಿಮೆಯ ಕಾಗದ ಯಾವ ಪೆಟ್ಟಿಗೆಯಲ್ಲಿ, ಮೊಬೈಲಿನ ಪಿನ್ ಏನು. ಅಂಗಡಿಗೆ ಕೊಟ್ಟ ಅಡ್ವಾನ್ಸಿನ ಬಗ್ಗೆ ಒಂದು ಪುಟ ಮೀಸಲಿಡಿ. ಹತ್ತು ವರ್ಷದ ಹಿಂದೆ ಬಾಯಿಮಾತಿನಲ್ಲಿ ಕೊಟ್ಟ ಒಂದು ಲಕ್ಷಕ್ಕೆ ಇವತ್ತು ರಸೀದಿ ಇರುವುದಿಲ್ಲ, ಕಟ್ಟಡದ ಹಳೆಯ ಯಜಮಾನರೂ ಇರುವುದಿಲ್ಲ, ಅವರ ಮಕ್ಕಳಿಗೆ ಆ ವಿಷಯ ಗೊತ್ತಿರುವುದಿಲ್ಲ. ಮುಂದಿನ ಸಲ ಬಾಡಿಗೆ ಕರಾರು ಹೊಸದು ಮಾಡುವಾಗ ಆ ಮೊತ್ತವನ್ನು ಅದರಲ್ಲಿ ಬರೆಸಿ, ಎರಡೂ ಕಡೆಯವರ ಸಹಿ ಹಾಕಿಸಿ, ಒಂದು ಜೆರಾಕ್ಸ್ ಪ್ರತಿಯನ್ನು ಮನೆಯಲ್ಲಿಡಿ.